ಕರಕರ ಸದ್ದಿನ ಕ್ಯಾಸೆಟ್

ಜುಬೈಲ್
12-3-1984

ಪ್ರೀತಿಯ ಬೀಫಾತಿಮಾಳಿಗೆ ಸಲಾಂ.

ನಾನು ಮಾತು ತುಂಬಿ ಕಳಿಸಿದ ಕ್ಯಾಸೆಟಿನ ಮೇಲೆ ಈ ಸಲ ನೀನು ಉತ್ತರ ರೆಕಾರ್ಡ್ ಮಾಡಬೇಡ. ಅದು ನಮ್ಮ ಜಪಾನಿ ಸಾಹೇಬರದ್ದು. ನಾನು ಓಡಿಸುವ ಅವರ ಕಾರಿನಲ್ಲಿ ಬಿದ್ದಿತ್ತು. ಹಾಕಿದರೆ ಬರೀ ಕರಕರ ಸದ್ದು, ಖಾಲಿ ಅಂದುಕೊಂಡೆ. ಅದು ಅವರ ಮಗಳು ಮಿಚಿಕೊ ಸ್ಪರ್ಧೆಯಲ್ಲಿ ಬ್ಲೇಡಿನ ಬೂಟು ಹಾಕಿ ಮಂಜುಗಡ್ಡೆ ಮೇಲೆ ಜಾರುತ್ತಾ ಕುಣಿದ ಸದ್ದು ಅಂತ ನಿನ್ನೆ ಹೇಳಿದರು. ಅದೇ ಅವಳ ಕೊನೆಯ ಸ್ಪರ್ಧೆಯಂತೆ. ಹದಿನಾರಕ್ಕೇ ಕಾಯಿಲೆಯಲ್ಲಿ ತೀರಿಕೊಂಡಳಂತೆ.

ಸಾಹೇಬರು ದಿನಾ ಸೀಟಿನಡಿ ಹುಡುಕುತ್ತಾರೆ. ನಾನೂ ಬಗ್ಗಿ ಹುಡುಕಿದ ಹಾಗೆ ಮಾಡುತ್ತೇನೆ. ಎಂತ ಹೇಳಲಿ?

ರಜೆಗೆ ಊರಿಗೆ ಬಂದಿರುವ ಮೂಸಾ ವಾಪಸ್ ಹೊರಡುವಾಗ ಕ್ಯಾಸೆಟ್ ಕೊಟ್ಟು ಕಳಿಸು. ಮೊದಲು ಒಮ್ಮೆ ಕೊನೆವರೆಗೂ ಕೇಳು. ನನ್ನ ಮಾತು ನಿಂತ ಮೇಲೆ ಆ ಕರಕರ ಸ್ವಲ್ಪವಾದರೂ ಉಳಿದಿದೆಯಾ?

ನಾನು ತುಂಬಾ ಮಾತಾಡಿಬಿಟ್ಟೆ.

ನಿನ್ನ
ಹಮ್ಮಬ್ಬ