ನಾಯಕ ಸಿಗುವವರೆಗೆ ಸಹಿ ಇಲ್ಲ

ಮೇ 11, ಬುಧವಾರ. ಬೆಳಿಗ್ಗೆ 9

ಕ್ಲಿಫ್‌ಗೆ ಓಟ್ಸ್ ಗಂಜಿ ತಿನ್ನಿಸಿದೆ. ಗಡ್ಡ ಕೆರೆದೆ. ಎಡಗೆನ್ನೆಗೆ ಬ್ಲೇಡು ತಾಗಿ ರಕ್ತ ಬಂತು, ಅವನಿಗೆ ಗೊತ್ತೇ ಆಗಲಿಲ್ಲ. ಲಕ್ವ ಹೊಡೆದು ಎರಡು ವರ್ಷ. ಆ ಪಕ್ಕ ಈಗ ಬೇರೆ ಯಾರದೋ ಮೈ.

"ಇನ್ನೆರಡು ದಿನ," ಅಂದೆ.

"ಆಮೇಲೆ?"

"ಆಮೇಲೆ ರಿಪೇರಿ ದುಡ್ಡಿಗೆ ಮಂತ್ರಿ ಸಹಿ ಹಾಕ್ತಾನೆ. ಹಲಗೆ ಕೀಳ್ತಾರೆ. ಬೆಂಕಿ ಬಿದ್ರೂ ಓಡೋ ಲಿಫ್ಟ್ ಹಾಕ್ತಾರೆ. ರಾಜನ ಥರ ಇಳೀತೀಯ."

"ರಾಜ ಬೇಡ. ಗ್ಯಾರೇಜಿನ... ಜ್ಯಾಕ್ ಸಾಕು."

ಮಾತು ಒಂದೊಂದೇ ಬರುತ್ತದೆ. ಬಂದದ್ದು ಮೊನಚು. ಲೀಡ್ಸ್‌ನ ಅರ್ಧ ಬಸ್ಸುಗಳ ಹೊಟ್ಟೆಯಡಿ ಮಲಗಿ ರಿಪೇರಿ ಮಾಡಿದವನು ನನ್ನ ಗಂಡ. ನಾನು ಅವೇ ಬಸ್ಸುಗಳನ್ನು ಓಡಿಸಿದವಳು.

ನಮ್ಮ ಕಟ್ಟಡಕ್ಕೆ ಹೊರಗಿನಿಂದ ಹಲಗೆ ಹೊಡೆದಿದ್ದಾರೆ. ಚೆಂದ ಕಾಣಲಿ ಎಂದು. ಯಾರಿಗೆ? ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ. ಆ ಹಲಗೆಗಳ ಒಳಗೆ ತುಂಬಿರುವುದು ಉರಿಯುವ ಸರಕು ಎಂದು ಮೂರು ವರ್ಷದ ಹಿಂದೆ ಪರೀಕ್ಷೆ ಮಾಡಿ ಹೇಳಿದರು. ಹೇಳಿ ಹೋದರು. ಹದಿನಾಲ್ಕು ಮಹಡಿ, ಒಂದೇ ಮೆಟ್ಟಿಲು. ನಾವು ಹನ್ನೊಂದರಲ್ಲಿ. ಮೊದಲು ಬಾಗಿಲ ಹಿಂದೆ ಅಂಟಿಸಿದ್ದ ನೋಟೀಸು: ಬೆಂಕಿ ಬಿದ್ದರೆ ಮನೆಯೊಳಗೇ ಇರಿ. ಈಗಿನದು: ಕೊಂಬು ಕೇಳಿದ ಕೂಡಲೇ ಹೊರಗೆ ಬನ್ನಿ, ಲಿಫ್ಟ್ ಬಳಸಬೇಡಿ. ಕಾರಿಡಾರುಗಳಲ್ಲಿ, ಬೆಂಕಿ ಕಂಡರೆ ಊದಲು ಗಾಳಿಕೊಂಬು ಹಿಡಿದ ಕಾವಲುಗಾರರು ತಿರುಗುತ್ತಾರೆ. ಗಾಲಿಕುರ್ಚಿಯವರು ಹೇಗೆ ಬರಬೇಕು ಎಂದು ಎರಡೂ ನೋಟೀಸಿನಲ್ಲಿ ಇಲ್ಲ.

ಶುಕ್ರವಾರ. ಎರಡೇ ದಿನ.

ಮೇ 12, ಗುರುವಾರ. ಸಂಜೆ 6

ಮಂತ್ರಿ ರಾಜೀನಾಮೆ ಕೊಟ್ಟ.

ಅವನೊಬ್ಬನೇ ಅಲ್ಲ. ಬೆಳಿಗ್ಗೆಯಿಂದ ಗಂಟೆಗೆ ನಾಲ್ಕು, ಗಂಟೆಗೆ ಐದು. ಎಲ್ಲರಿಗೂ ಒಟ್ಟಿಗೇ ಆತ್ಮಸಾಕ್ಷಿ ಹುಟ್ಟಿದೆ. ನಾಲ್ಕು ಗಂಟೆಗೆ ಪ್ರಧಾನಿಯೂ ತನ್ನ ಮನೆ ಬಾಗಿಲ ಮುಂದೆ ಬಂದು, ಹೋಗುತ್ತೇನೆ ಅಂದ. ಆಳುವ ಪಕ್ಷ ಹೊಸ ನಾಯಕನನ್ನು ಹುಡುಕುತ್ತದಂತೆ. ಎಷ್ಟು ದಿನ? ಎಂಟು ವಾರ ಆಗಬಹುದು ಅಂದಳು ಟಿವಿಯವಳು, ಮಳೆ ಬರಬಹುದು ಅನ್ನುವ ಹಾಗೆ.

ಎದುರು ಮನೆಯ ಬೋಲಾ ಬಂದಳು. ನರ್ಸು. ಡ್ಯೂಟಿ ಬಟ್ಟೆಯಲ್ಲೇ ಇದ್ದಳು.

"ಆಂಟಿ, ಹೋದವನು ಒಂದು ಸಹಿ ಹಾಕಿ ಹೋಗೋಕೆ ಏನಾಗಿತ್ತು?"

"ಪೆನ್ನು ಎತ್ತಿದ. ಅದರಲ್ಲೇ ರಾಜೀನಾಮೆ ಬರೆದ."

ನಗಲಿಲ್ಲ ಅವಳು. ನಾನೂ.

ಮೇ 20

ಇಲಾಖೆಯಿಂದ ಪತ್ರ. ನೀವು ಪತ್ರವ್ಯವಹಾರ ನಡೆಸುತ್ತಿದ್ದ ಮಂತ್ರಿಗಳು ಈಗ ಆ ಹುದ್ದೆಯಲ್ಲಿಲ್ಲ. ಇಂಥ ಸಮಯದಲ್ಲಿ ದೊಡ್ಡ ತೀರ್ಮಾನಗಳನ್ನು ಮುಂದಿನ ಪ್ರಧಾನಿಗೆ ಬಿಡುವುದು ವಾಡಿಕೆ. ನಿಮ್ಮ ತಾಳ್ಮೆಗೆ ವಂದನೆಗಳು.

ಯಾರ ತಾಳ್ಮೆ? ನಾನು ಕೊಟ್ಟೆನೇ?

ರೊಟ್ಟಿ ಸುಡುವ ಟೋಸ್ಟರ್ ತೆಗೆದು ಬೀರುವಿನಲ್ಲಿಟ್ಟೆ. ಪ್ಲಗ್ಗುಗಳನ್ನು ಮೂಸಿ ನೋಡುತ್ತೇನೆ, ನಾಯಿಯ ಹಾಗೆ. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದರೆ ಎದೆ ಹಿಡಿದುಕೊಳ್ಳುತ್ತದೆ. ಮೂವತ್ತೊಂದು ವರ್ಷ ನಾನೇ ಹಾರ್ನ್ ಹೊಡೆದವಳು.

ಮೇ 23, ಸೋಮವಾರ. ಮಧ್ಯಾಹ್ನ 4

ಬರೆಯಲೇಬೇಕು.

ಮೂರಕ್ಕೆ ಹತ್ತು ನಿಮಿಷ ಇತ್ತು. ಕೊಂಬು ಕೂಗಿತು. ನಮ್ಮ ಕಾರಿಡಾರಿನಲ್ಲೇ. ಆಮೇಲೆ ಮೇಲೆ, ಆಮೇಲೆ ಕೆಳಗೆ. ಕಿಟಕಿಯಾಚೆ ಕಪ್ಪು ಹೊಗೆ ಏರುತ್ತಿತ್ತು. ಕ್ಲಿಫ್‌ನ ಕುರ್ಚಿ ತಳ್ಳಿಕೊಂಡು ಮೆಟ್ಟಿಲ ತಲೆಗೆ ಹೋದೆ. ಅಲ್ಲಿಗೆ ಮುಗಿಯಿತು. ಗಾಲಿಗೆ ಮೆಟ್ಟಿಲು ಗೊತ್ತಿಲ್ಲ.

ಜನ ಇಳಿದರು. ಮಗು ಎತ್ತಿಕೊಂಡವರು, ಬೆಕ್ಕಿನ ಪೆಟ್ಟಿಗೆಯವರು, ತಲೆಗೆ ಟವೆಲ್ ಸುತ್ತಿದವರು. ಎಲ್ಲರೂ ನಮ್ಮನ್ನು ನೋಡಿದರು. "ಕೆಳಗೆ ಹೇಳ್ತೀನಿ ತಾಯಿ, ಯಾರಾದ್ರೂ ಬರ್ತಾರೆ," ಅಂದರು. ಸುಳ್ಳು ಹೇಳಲಿಲ್ಲ ಅವರು, ಹೇಳಿರುತ್ತಾರೆ. ಯಾರೂ ಬರಲಿಲ್ಲ.

ಆಮೇಲೆ ಮೆಟ್ಟಿಲು ಖಾಲಿ. ನಾನು, ಅವನು, ಕೊಂಬು.

"ನೊರೀನ್," ಅಂದ, "ಹೋಗು."

ಬಾಯಿ ಮುಚ್ಚು ಅಂದೆ. ಕುರ್ಚಿಯ ಬ್ರೇಕು ಹಾಕಿ ಅವನ ಪಕ್ಕ ನೆಲಕ್ಕೆ ಕೂತೆ. ಧೈರ್ಯದಿಂದಲ್ಲ.

ಕಸದ ತೊಟ್ಟಿ ಹೊತ್ತಿಕೊಂಡಿತ್ತಂತೆ. ಯಾರದೋ ಸಿಗರೇಟು. ಹತ್ತು ನಿಮಿಷದಲ್ಲಿ ಆರಿಸಿದರು. ಹಲಗೆಗೆ ಎರಡು ಅಡಿ ದೂರದಲ್ಲಿ.

ಟಿವಿಯಲ್ಲಿ ನಾಯಕನ ಸ್ಪರ್ಧೆಗೆ ಇಬ್ಬರು ಉಳಿದಿದ್ದಾರೆ. ಒಬ್ಬ ತೆರಿಗೆ ಕಡಿತದವನು. ಇನ್ನೊಬ್ಬ ಇನ್ನೂ ಹೆಚ್ಚು ತೆರಿಗೆ ಕಡಿತದವನು. ಯಾರ ಟೈ ಚೆಂದ ಎಂದು ಚರ್ಚೆ.

ಜೂನ್ 2

ಇವರಿಬ್ಬರಲ್ಲಿ ಒಬ್ಬನನ್ನು ಆರಿಸುವವರು ಪಕ್ಷದ ಸದಸ್ಯರು ಮಾತ್ರ. ಇಷ್ಟು ದೊಡ್ಡ ದೇಶದ ಪ್ರಧಾನಿ, ಓಟು ಹಾಕುವವರು ಒಂದು ಫುಟ್ಬಾಲ್ ಮೈದಾನ, ಎರಡು ಮೈದಾನ ತುಂಬುವಷ್ಟು ಜನ. ಮಿಕ್ಕವರು ಕಿಟಕಿಯಲ್ಲಿ ನಿಂತು ನೋಡಬೇಕು. ಅಂಗಡಿ ಸಾಲಿನಲ್ಲಿ, ಡಾಕ್ಟರ ಸಾಲಿನಲ್ಲಿ, ಎಲ್ಲೆಲ್ಲೂ ಅದೇ ಬೈಗುಳ: ನಮ್ಮನ್ನು ಕೇಳಿದವರ್ಯಾರು?

ಹಾಗಾದರೆ ಸದಸ್ಯಳಾದರೆ?

ಅರ್ಜಿ ತುಂಬಿದೆ. ಹೆಸರು, ವಿಳಾಸ. ಹಿಂದೆ ಬೇರೆ ಪಕ್ಷದಲ್ಲಿದ್ದೀರಾ? ಇಲ್ಲ ಅಂತ ಬರೆದೆ. ನಾನಿದ್ದದ್ದು ಪಕ್ಷ ಅಲ್ಲವಲ್ಲ, ಬಸ್ಸಿನವರ ಯೂನಿಯನ್.

ಫೋನಿನಲ್ಲಿ ಕಳಿಸುವ ಗುಂಡಿ ಒತ್ತುವಾಗ ಸತ್ತ ಅಪ್ಪನ ಮುಖ ಕಣ್ಣೆದುರು ಬಂತು. ಗಣಿ ಕಾರ್ಮಿಕ, ಈ ಪಕ್ಷದ ಹೆಸರೆತ್ತಿದರೆ ಉಗಿಯುತ್ತಿದ್ದವನು. ಕ್ಷಮಿಸು ಅನ್ನಲಿಲ್ಲ. ನೀನು ಹನ್ನೊಂದನೇ ಮಹಡಿಯಲ್ಲಿ ಇದ್ದವನಲ್ಲ ಅಂದೆ.

ಜೂನ್ 11, ಶನಿವಾರ

ಕಾರ್ಡು ಬಂತು. ಜೊತೆಗೆ ಚೀಟಿ: ಮೂರು ತಿಂಗಳ ಹಿಂದೆ ಸೇರಿದವರಿಗೆ ಮಾತ್ರ ಓಟು. ಅಪ್ಪನ ಎದುರು ತಲೆ ತಗ್ಗಿಸಿದ್ದು ದಂಡ. ಆದರೆ ಮುಂದಿನ ಶನಿವಾರ ಬ್ರಾಡ್‌ಫರ್ಡ್‌ನಲ್ಲಿ ಇಬ್ಬರೂ ಬರುವ ಸಭೆಗೆ ಸದಸ್ಯರಿಗೆ ಪ್ರವೇಶ ಉಂಟು. ಪ್ರಶ್ನೆ ಮೊದಲೇ ಬರೆದು ಕಳಿಸಬೇಕು.

ಟ್ರೆವರ್ ಬಂದಿದ್ದ. ಡಿಪೋದಲ್ಲಿ ನಾನು ಯೂನಿಯನ್ ಕಾರ್ಯದರ್ಶಿ, ಅವನು ಅಧ್ಯಕ್ಷ. ಒಟ್ಟಿಗೆ ಏಳು ಮುಷ್ಕರ. ಕಾರ್ಡು ನೋಡಿ ಚಹಾ ಕೆಳಗಿಟ್ಟ.

"ಕಣ್ಣು ಕಾಣ್ತಿದೆಯಾ ನಿಂಗೆ? ಇದು ಅವರ ಕಾರ್ಡು ಕಣೇ."

"ಗೊತ್ತು."

"ಮುಂದಿನ ವಾರ ಮುತ್ತಿನ ಸರ ಹಾಕ್ಕೊಂಡು, ಆ ಶ್ರೀಮಂತರ ಥರ ಕುದುರೆ ಏರಿ ನರಿ ಬೇಟೆಗೆ ಹೋಗ್ತೀಯೇನೋ."

"ಕುದುರೆ ಲಿಫ್ಟಲ್ಲಿ ಹಿಡಿಯಲ್ಲ."

"ನೊರೀನ್, ಆ ಜನಕ್ಕೆ ಕೈ ಮುಗಿಯೋಕೆ ಹೋಗ್ತೀಯಾ?"

"ಕೈ ಮುಗೀತೀನಿ. ಕಾಲು ಹಿಡೀತೀನಿ. ಇವನನ್ನ ಎತ್ತಿ ಕೆಳಗಿಳಿಸೋಕೆ ನಿನ್ನ ಹತ್ರ ಬೇರೆ ದಾರಿ ಇದ್ರೆ ಹೇಳು."

ಕ್ಲಿಫ್ ಕುರ್ಚಿಯಿಂದಲೇ, "ಟ್ರೆವರ್... ಅವಳಿಗೆ ಒಂದು... ಬೇಟೆ ಟೋಪಿ ಕೊಡಿಸು," ಅಂದ. ಮೂವರೂ ನಕ್ಕೆವು. ನಗುವಾಗ ನನ್ನ ಮೂಗು ಹೊಗೆ ಹುಡುಕುತ್ತಿತ್ತು.

ಪ್ರಶ್ನೆ ಬರೆದೆ. ಸೌಮ್ಯವಾಗಿ. "ಎತ್ತರದ ಕಟ್ಟಡಗಳಲ್ಲಿ ವಾಸಿಸುವ ಹಿರಿಯರ ಸುರಕ್ಷತೆಗೆ ನಿಮ್ಮ ಯೋಜನೆ ಏನು?" ನನ್ನ ಕೈಯಿಂದ ಇಷ್ಟು ಮೆತ್ತಗಿನ ವಾಕ್ಯ ಹಿಂದೆ ಬಂದಿಲ್ಲ.

ಜೂನ್ 15

ಪ್ರಶ್ನೆ ಆಯ್ಕೆಯಾಗಿದೆ. ಮೂರನೇ ಸರದಿ. ಒಂದು ನಿಮಿಷ ಮಾತಾಡಬಹುದು.

ಕನ್ನಡಿ ಮುಂದೆ ಅಭ್ಯಾಸ. ಕಟ್ಟಡದ ಹೆಸರು ಮೊದಲು ಹೇಳಬೇಕು. ಆಮೇಲೆ ಕ್ಲಿಫ್‌ನ ಹೆಸರು. ಆಮೇಲೆ: ನೀವು ಗೆದ್ದರೆ ಮೊದಲ ವಾರದಲ್ಲಿ ಸಹಿ ಹಾಕುತ್ತೀರಾ, ಹೌದೋ ಅಲ್ಲವೋ. ಕ್ಯಾಮೆರಾ ಮುಂದೆ ಹೌದು ಅಂದರೆ ಸಾಕು. ಅದನ್ನು ಹಿಡಿದು ಜಗ್ಗುವುದು ನನಗೆ ಗೊತ್ತು.

ಜೂನ್ 18, ಶನಿವಾರ. ಸಂಜೆ 7

ಕೆಡಿಸಿದೆ.

ಬೋಲಾ ಕ್ಲಿಫ್‌ನ ಜೊತೆ ಇದ್ದಳು. ಟ್ರೆವರ್ ಕಾರಿನಲ್ಲಿ ಬಿಟ್ಟ, ಒಳಗೆ ಬರಲಾರೆ ಅಂದ. ಹೂವಿನ ಬ್ಲೌಸು ಹಾಕಿದ್ದೆ. ಪಕ್ಕದಲ್ಲಿ ಕೂತ ಮುದುಕಿ ಒಳ್ಳೆಯವಳು, ಪೆಪ್ಪರ್ಮಿಂಟ್ ಕೊಟ್ಟಳು. "ಮೊದಲ ಸಲಾನಾ? ಹೆದರಬೇಡಿ, ಇಬ್ಬರೂ ಸಭ್ಯ ಹುಡುಗರು," ಅಂದಳು.

ಮೊದಲ ಪ್ರಶ್ನೆ ಕಡಲತೀರಕ್ಕೆ ನಾಯಿ ಬಿಡುವುದರ ಬಗ್ಗೆ. ಎರಡನೆಯದು ಹಳೆಯ ಪ್ರತಿಮೆಗಳ ಬಗ್ಗೆ. ಮೂರನೆಯದು ಶ್ರೀಮತಿ ಸಗ್ಡನ್, ಲೀಡ್ಸ್, ಅಂದರೆ ನಾನು. ಮೈಕು ಬಂತು. ಎದ್ದು ನಿಂತೆ. ವೇದಿಕೆಯ ಮೇಲೆ ಇನ್ನೂ ಹೆಚ್ಚು ತೆರಿಗೆ ಕಡಿತದವನು ನನ್ನತ್ತಲೇ ವಾಲಿ ಕೂತಿದ್ದ, ತಲೆ ಆಡಿಸುತ್ತ. ಸಾವಿರ ಮುಖ. ಸಾವಿರ ಮುಖ ನೋಡಿದರೆ ನನ್ನ ಬಾಯಿ ಅದಾಗಿಯೇ ತೆರೆದುಕೊಳ್ಳುತ್ತದೆ, ಡಿಪೋ ಗೇಟಿನಲ್ಲಿ ಮೂವತ್ತೊಂದು ವರ್ಷ ತೆರೆದುಕೊಂಡ ಹಾಗೆ.

"ಸಂಗಾತಿಗಳೇ," ಅಂದೆ, ಕೆಂಬಾವುಟದ ಸಭೆಯಲ್ಲಿ ಅನ್ನುವ ಹಾಗೆ.

ಎಲ್ಲೋ ಒಂದು ನಗು. ಆಮೇಲೆ ಸಭೆಯೇ ನಕ್ಕಿತು. ಹಿಂದಿನಿಂದ ಒಬ್ಬ, "ಬಸ್ ಹತ್ತಿ ಮಾಸ್ಕೋಗೆ ಹೋಗಮ್ಮ," ಅಂದ. ಕಟ್ಟಡದ ಹೆಸರು ಹೇಳಲು ಹೋದೆ, ಮೈಕು ಸತ್ತಿತ್ತು. ವೇದಿಕೆಯವನು ಎಷ್ಟು ಸಿಹಿಯಾಗಿ ನಕ್ಕ. "ನಮ್ಮ ಗೆಳತಿ ಬೇರೆ ಸಭಾಂಗಣ ಹುಡುಕ್ತಿದ್ದಾರೆ ಅನ್ಸುತ್ತೆ," ಅಂದ. ಚಪ್ಪಾಳೆ. ಇಬ್ಬರು ಹುಡುಗರು ಮೊಣಕೈ ಹಿಡಿದು, ಬನ್ನಿ ಮೇಡಂ, ಬನ್ನಿ ಮೇಡಂ ಅನ್ನುತ್ತ ಹೊರಗೆ ಕರೆದೊಯ್ದರು. ಪೆಪ್ಪರ್ಮಿಂಟ್ ಮುದುಕಿ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ನಾನು ಕದ್ದೇನು ಎಂಬಂತೆ.

ಆ ಮಾತಿಗೆ ನಾಚಿಕೆಯಿಲ್ಲ ನನಗೆ. ಅದು ನನ್ನ ಮಾತು. ಆದರೆ ಇವತ್ತು, ಇವತ್ತೊಂದು ದಿನ ನುಂಗಬಹುದಿತ್ತು. ಒಂದು ನಿಮಿಷ ಇತ್ತು. ಕ್ಲಿಫ್‌ನ ನಿಮಿಷ.

ಜೂನ್ 19

"ಏನಂದ್ರು?" ಅಂತ ಕೇಳಿದ ಕ್ಲಿಫ್.

ಬರ್ಕೊಂಡ್ರು ಅಂದೆ.

ಜೂನ್ 27

ಸದಸ್ಯತ್ವ ರದ್ದು. ಪಕ್ಷದ ಮೌಲ್ಯಗಳಿಗೆ ಹೊಂದುವುದಿಲ್ಲವಂತೆ.

ಫೋನಿನಿಂದ ಫೋನಿಗೆ ನನ್ನ ಆ ಒಂದು ಪದ ಓಡುತ್ತಿದೆ. ಹೂವಿನ ಬ್ಲೌಸಿನ ಹೆಂಗಸು, ಬಾಯಿ ತೆರೆದುಕೊಂಡು. ಬೋಲಾ ಆಸ್ಪತ್ರೆಯಲ್ಲಿ ನೋಡಿದಳಂತೆ. "ಎಲ್ಲರೂ ನಿಮ್ಮ ಕಡೆ ಆಂಟಿ, ರೋಗಿಗಳೂ ಸೇರಿ," ಅಂದಳು. "ಕಟ್ಟಡದ ವಿಷಯ ಯಾರಾದ್ರೂ ಕೇಳಿದ್ರಾ?" ಅಂದೆ. ಇಲ್ಲ ಅಂತ ತಲೆಯಾಡಿಸಿದಳು.

ಕ್ಲಿಫ್‌ಗೂ ಗೊತ್ತಾಗಿದೆ. ಸಂಜೆ ಚಹಾ ಕೊಟ್ಟಾಗ, "ಥ್ಯಾಂಕ್ಸ್... ಸಂಗಾತಿ," ಅಂದ. ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 5, ಮಂಗಳವಾರ

ಗೆದ್ದವನು ಗೆದ್ದ. ಯಾರು ಎಂಬುದರಿಂದ ಹಲಗೆಗೆ ಏನೂ ಇಲ್ಲ.

ಹೊಸ ಮಂತ್ರಿಯ ಕಚೇರಿಗೆ ಫೋನು ಮಾಡಿದೆ. ಚಿಕ್ಕ ಹುಡುಗಿಯ ದನಿ. "ಹೊಸ ಮಂತ್ರಿಗಳು ಎಲ್ಲಾ ಕಡತಗಳನ್ನ ಮೊದಲಿಂದ ನೋಡ್ತಾರೆ. ನೀವು ಅರ್ಜಿ ಮತ್ತೆ ಹಾಕ್ಬೇಕು. ಸಂಸತ್ತಿನ ರಜೆ ಮುಗಿದ ಮೇಲೆ, ಸೆಪ್ಟೆಂಬರಲ್ಲಿ."

"ಮಗಳೇ, ನೀನು ಎಷ್ಟನೇ ಮಹಡಿಯಲ್ಲಿದ್ದೀಯ?"

"ನಾಲ್ಕನೇದು. ಯಾಕೆ?"

"ಕಾಲು ನೆಟ್ಟಗಿದೆಯಾ?"

ಫೋನು ಇಟ್ಟಳು. ಅವಳದ್ದೇನು ತಪ್ಪು.

ಇವತ್ತು ಬಿಸಿಲು. ಹೊರಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಹಗಲಿಡೀ ಹಲಗೆಗಳು ಒಳಗೊಳಗೇ ಟಿಕ್, ಟಿಕ್ ಅನ್ನುತ್ತವೆ. ಹಿಗ್ಗುವ ಸದ್ದು ಅದು, ಏನಿಲ್ಲ ಅನ್ನುತ್ತಾನೆ ಕ್ಲಿಫ್. ಅವನಿಗೆ ಗೊತ್ತಿರಬೇಕು. ನನಗೆ ಮಾತ್ರ ಯಾರೋ ಬೆಂಕಿಕಡ್ಡಿ ಗೀರುತ್ತಿರುವ ಹಾಗೆ ಕೇಳುತ್ತದೆ.

ಜುಲೈ 9, ಶನಿವಾರ. ಮಧ್ಯಾಹ್ನ 3

ಇವತ್ತು ಅವನನ್ನು ಹೊತ್ತು ಇಳಿಸುವುದನ್ನು ನಾವೇ ಮಾಡಿ ನೋಡಿದೆವು. ಯಾವ ಸಹಿಯೂ ಬೇಡ ಅಂದೆ. ದಪ್ಪ ಕಂಬಳಿ, ನಾಲ್ಕು ಮೂಲೆಗೆ ಗಂಟು. ತಲೆಯ ಕಡೆ ಟ್ರೆವರ್ ಮತ್ತು ಬೋಲಾ, ಕಾಲಿನ ಕಡೆ ನಾನು. ಬೋಲಾ ಆಸ್ಪತ್ರೆಯಲ್ಲಿ ಕಲಿತ ಎತ್ತುಗಾರಿಕೆ ಹೇಳಿಕೊಟ್ಟಳು. ಕ್ಲಿಫ್, "ಹುಷಾರು... ಪೇಂಟು ಕೆರೆದುಹೋಗುತ್ತೆ," ಅಂದ.

ಹತ್ತನೇ ಮಹಡಿ ದಾಟಿತು. ಒಂಬತ್ತು. ಒಂಬತ್ತರಲ್ಲಿ ಟ್ರೆವರ್‌ನ ಉಸಿರು ಸೀಟಿ ಹೊಡೆಯುತ್ತಿತ್ತು. ಎಂಟು. ಬೋಲಾಳ ಮಣಿಕಟ್ಟಿಗೆ ಗಂಟು ಕಚ್ಚಿ ನೀಲಿಯಾಗಿತ್ತು. ಏಳರ ತಿರುವಿನಲ್ಲಿ ಇಳಿಸಿ ಕೂತೆವು. ಹದಿನೆಂಟು ನಿಮಿಷ ಆಗಿತ್ತು. ಆದರೂ ಖುಷಿ ನನಗೆ. ಆಗುತ್ತದೆ. ದಿನಾ ಅಭ್ಯಾಸ ಮಾಡಿದರೆ ಆಗುತ್ತದೆ.

"ನೊರೀನ್," ಅಂದ ಕ್ಲಿಫ್. ಅಂಗಾತ ಮಲಗಿದವನು, ಅವನಿಗೆ ಮೇಲಿನ ಮೆಟ್ಟಿಲು ಕಾಣುತ್ತಿತ್ತು. "ಹಿಂದೆ ನೋಡು."

ನೋಡಿದೆ. ನಮ್ಮ ಹಿಂದೆ ಕ್ಯೂ, ಲಿಫ್ಟ್ ಒಂದು ಗಂಟೆ ಕೈಕೊಟ್ಟಿತ್ತಂತೆ. ಹದಿಮೂರನೇ ಮಹಡಿಯ ಹೆಂಗಸು, ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಇನ್ನೊಂದು. ಅವಳ ಹಿಂದೆ ಊರುಗೋಲಿನ ಮುದುಕ. ಅವನ ಹಿಂದೆ ಸೈಕಲ್ ಹೆಗಲಿಗೇರಿಸಿದ ಇಬ್ಬರು. ತಿರುವಿನಾಚೆ ಇನ್ನೂ ಎಷ್ಟು ಜನವೋ. ಕಂಬಳಿ ಗೋಡೆಯಿಂದ ಗೋಡೆಗೆ ಹಾಸಿತ್ತು, ದಾಟಲು ಜಾಗವಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಬ್ಬರೂ ಒಂದು ಮಾತಾಡಿರಲಿಲ್ಲ.

"ನಿಧಾನಕ್ಕೆ ಮಾಡಿ," ಅಂದಳು ಆ ಹೆಂಗಸು. "ಪರವಾಗಿಲ್ಲ. ನಮಗೇನೂ ಅವಸರ ಇಲ್ಲ."

ಗೋಡೆಗೆ ಒತ್ತಿಕೊಂಡು ಅವರನ್ನೆಲ್ಲ ದಾಟಿಸಿದೆವು. ಸಾರಿ, ಸಾರಿ ಅನ್ನುತ್ತ ಇಳಿದರು. ಚಿಕ್ಕದು ಕ್ಲಿಫ್‌ಗೆ ಟಾಟಾ ಮಾಡಿತು. ಹದಿನೇಳು ಜನ, ಎಣಿಸಿದೆ. ಶನಿವಾರ ಮಧ್ಯಾಹ್ನ ಹದಿನೇಳು. ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ ಎಷ್ಟು?

ಕ್ಲಿಫ್ ಬಲಗೈಯಿಂದ ನನ್ನ ತೋಳು ಹಿಡಿದ. ಒಂದೊಂದೇ ಮಾತು, ಆದರೆ ನಿಲ್ಲಿಸದೆ ಹೇಳಿದ.

"ನಿಜವಾದ ದಿನ... ನನ್ನ ಇಲ್ಲಿಗೆ ತರಬೇಡ. ನಾನೇ ಬೂಚು ಆಗ್ತೀನಿ... ಇಡೀ ಬಾಟ್ಲಿಗೆ. ಒಳಗೆ ಬಿಟ್ಟು... ಬಾಗಿಲು ಹಾಕ್ಕೊಂಡು... ನೀನು ಇಳಿ. ಮಾತು ಕೊಡು."

ಟ್ರೆವರ್ ಗೋಡೆ ನೋಡಿದ. ಬೋಲಾ ಮಣಿಕಟ್ಟು ತಿಕ್ಕುತ್ತಿದ್ದಳು.

"ಕೊಡು," ಅಂದ ಮತ್ತೆ.

ಮೇಲಿನಿಂದ ಇನ್ಯಾರೋ ಇಳಿಯುವ ಹೆಜ್ಜೆ ಕೇಳಿತು. ಹತ್ತಿರವಾಯಿತು. ನಾನು ಅವನ ಕಡೆ ಬಾಗಿ, ಅವರಿಗೆ ಕೇಳಿಸದ ಹಾಗೆ ಅಂದೆ, "ಬಾಗಿಲು ಹಾಕ್ತೀನಿ. ಒಳಗಿನಿಂದ."