ಮೂಗು ಒತ್ತಿದರೆ ಸುಮ್ಮನಾಗುವ ಕಪ್ಪೆ

ಇಸವಿ ೨೨೧೯, ಆರಿದ್ರಾ ಮಳೆಯ ಐವತ್ತನೇ ದಿನ. ಮಳೆಯೇನೂ ಬಂದಿಲ್ಲ. ಉಳಿದಿರುವುದು ಹೆಸರೊಂದೇ, ಅದಕ್ಕೇ ಎಷ್ಟು ದಿನ ಬೇಕಾದರೂ ಎಳೆಯುತ್ತೇವೆ.

ನಮ್ಮೂರ ಅಂಗನವಾಡಿಯ ಅಂಗಳಕ್ಕೆ ಇವತ್ತು ಸಿಮೆಂಟ್ ಹಾಕಿಸುತ್ತಿರುವ ಹಿರಿಯರಿಗೆ, ಅದೇ ಅಂಗನವಾಡಿಯ ಪಾಲಮ್ಮ ಟೀಚರ್ ಬರೆಯುವುದು. ಇನ್ನೂ ಹುಟ್ಟದವಳು ಕಾಗದ ಬರೆದಳಲ್ಲಾ ಎಂದು ಗಾಬರಿಯಾಗಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾವು ಹಗಲೆಲ್ಲ ತಂಪುಗೂಡಿನಲ್ಲಿರುತ್ತೇವೆ. ಇಡೀ ಬೀದಿಯನ್ನೇ ಮುಚ್ಚಿ ತಣ್ಣಗಿಟ್ಟ ಚಾವಣಿಗೆ ಆ ಹೆಸರು. ಅದರ ಗೋಡೆಯಲ್ಲಿ ದನಿಡಬ್ಬಿ ಇದೆ. ಹಕ್ಕಿ, ಕಪ್ಪೆ, ಜೀರುಂಡೆ ಎಲ್ಲ ಅದರೊಳಗೇ ಕೂಗುವುದು. ರೊಟ್ಟಿ ತಿಂದಾದ ಮೇಲೆ ಮಕ್ಕಳು ಆಟ ಹೂಡುತ್ತವೆ. ಅವಕ್ಕೆ ಸುಳ್ಳು ಆಡಲು ಬರಲ್ಲ, ಕಂಡದ್ದನ್ನೇ ಆಡುತ್ತವೆ. ಮಳೆಯಾದ ಮಗು ಸೈರನ್ ಥರ ಅರಚುತ್ತದೆ, ಉಳಿದವು ಮೇಜಿನಡಿ ಅಡಗುತ್ತವೆ. ನಮ್ಮಲ್ಲಿ ಮಳೆ ಬಂದರೆ ಊರು ಕೊಚ್ಚಿಕೊಂಡು ಹೋಗಲಿಕ್ಕೇ ಬರುವುದು. ಮರವಾದ ಮಗು ಹತ್ತಿರ ಬಂದವರ ಕೈಗೆ ಛಟೀರೆಂದು ಹೊಡೆಯುತ್ತದೆ. ಊರಿಗಿರುವ ಒಂದೇ ಮರ ಗಾಜಿನೊಳಗಿದೆ, ಮುಟ್ಟುವ ಹಾಗಿಲ್ಲ. ಇನ್ನು ಕಪ್ಪೆಯಾದ ಮಗು ಗೋಡೆಗೆ ಬೆನ್ನು ಹಚ್ಚಿ, ಅಲುಗಾಡದೆ ನಿಂತು ವಟರ್ ವಟರ್ ಅನ್ನುತ್ತದೆ. ಸಾಕೆನಿಸಿದಾಗ ಯಾರಾದರೂ ಬಂದು, ದನಿಡಬ್ಬಿಯ ಗುಂಡಿ ಒತ್ತುವ ಹಾಗೆ, ಅದರ ಮೂಗು ಒತ್ತುತ್ತಾರೆ. ಕಪ್ಪೆ ಸುಮ್ಮನಾಗುತ್ತದೆ. ನಗು ಬಂತೇ ನಿಮಗೆ? ನಗಿ, ನಗಿ. ನಿಮ್ಮ ಹೊಟ್ಟೆ ತಣ್ಣಗಿರಲಿ.

ಹೋದ ವಾರ ಅಂಗಳದ ಮೂಲೆಯಲ್ಲಿ ಪೈಪು ಒಡೆಯಿತು. ನೀವು ಹಾಕಿಸಿದ ಸಿಮೆಂಟು ಬಿರಿದು ಚಾಪೆಯಗಲ ಕೆಸರು ಕಾಣಿಸಿತು. ಅದರೊಳಗಿಂದ ಒಂದು ಕಪ್ಪೆ, ನಿಜವಾದ ಕಪ್ಪೆ, ಎದ್ದು ಬಂತು. ಇಷ್ಟು ಕಾಲ ಅದೆಲ್ಲಿತ್ತೋ ನಾ ಕಾಣೆ. ಮೊದಲು ಕಂಡವಳು ಓಬಿ, ನಾಲ್ಕು ವರ್ಷದ ಪೋರಿ. ಮಾರನೇ ದಿನ ಆಟದಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಚಂಗನೆ ನೆಗೆದಳು. ಉಳಿದವು ಜಗಳಕ್ಕೇ ಬಂದವು: ಟೀಚರ್, ಇವಳಿಗೆ ಕಪ್ಪೆ ಆಗಕ್ಕೇ ಬರಲ್ಲ, ಕಪ್ಪೆ ಎಲ್ಲಾದ್ರೂ ಓಡಾಡುತ್ತಾ? ಅವಳ ಮೂಗು ಒತ್ತಿ ಒತ್ತಿ ಕೆಂಪಗೆ ಮಾಡಿದವು. ಹುಡುಗಿ ಸುಮ್ಮನಾಗಲಿಲ್ಲ. ಎಲ್ಲರನ್ನೂ ಎಳಕೊಂಡು ಹೋಗಿ ಕೆಸರು ತೋರಿಸಿದಳು. ಆಮೇಲೆ ಕೇಳಬೇಕೇ! ಇಡೀ ಅಂಗನವಾಡಿ ಕೆಸರಲ್ಲಿ ಕುಪ್ಪಳಿಸಿತು, ಸೀರೆ ಎತ್ತಿ ಕಟ್ಟಿಕೊಂಡು ನಾನೂ. ಆ ಮಕ್ಕಳಲ್ಲಿ ಅಷ್ಟು ನಗುವಿದೆ ಅಂತ ನನಗೇ ಗೊತ್ತಿರಲಿಲ್ಲ.

ಮೇಲಿನವರಿಗೆ ಸುದ್ದಿ ಮುಟ್ಟಿತು. ಮಕ್ಕಳ ಅಂಗಳದಲ್ಲಿ ಮಣ್ಣು ಕಾಣಬಾರದು ಅಂತ ನಿಮ್ಮ ಕಾಲದ ನಿಯಮವಂತೆ. ಬಟ್ಟೆ ಕೊಳೆಯಾಗುತ್ತೆ, ತಾಯಂದಿರು ದೂರುತ್ತಾರೆ ಅಂತ ಮಾಡಿದ್ದಂತೆ. ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ! ಬಟ್ಟೆ ಒಗೆಯೋ ಬೇಜಾರಿಗೆ ಕಪ್ಪೆಯನ್ನೇ ಹೂತಿರಲ್ರೀ! ಗಾರೆಯವನು ಬಂದ. ತಡಿಯಪ್ಪಾ, ಒಳಗೆ ಕಪ್ಪೆ ಇದೆ ಅಂತ ಗೋಗರೆದೆ. ಕೆಸರಲ್ಲಿ ಎಂಥ ಕಪ್ಪೆ ತಾಯಿ, ಅದಿರೋದು ಗೋಡೇಲಲ್ವಾ ಅಂದ. ಕೆಸರಿನ ಮೇಲೆ ಸಿಮೆಂಟ್ ಬಳಿದು ಹೋದ.

ಇವತ್ತು ಆಟದಲ್ಲಿ ಓಬಿ ನೆಗೆಯಲಿಲ್ಲ. ಗೋಣಿತಾಟನ್ನು ತಲೆತನಕ ಹೊದ್ದು ನೆಲಕ್ಕಂಟಿ ಮಲಗಿದಳು. ಏನಾಗಿದ್ದೀಯೇ ಕಂದಾ ಅಂದೆ. ಕಪ್ಪೆ ಅಂದಳು. ಯಾವ ಮಗುವೂ ಅವಳ ಮೂಗು ಒತ್ತಲು ಹೋಗಲಿಲ್ಲ. ಏಳೇ, ಮನೆಗೆ ಹೊತ್ತಾಯ್ತು ಅಂದರೆ, ಸಿಮೆಂಟ್ ಒಣಗೈತೆ ಟೀಚರ್, ಏಳಕ್ಕಾಗಲ್ಲ ಅಂತಾಳೆ.

ನಿಮ್ಮ ಅಂಗಳದ್ದು ಇನ್ನೂ ಹಸಿಯಿದೆ. ಹೋಗಿ, ಈಗಲೇ ಕೆರೆಸಿ ಹಾಕಿ.

ಇತಿ,
ಪಾಲಮ್ಮ