ವ್ಯಾನಿನ ಒಳಗೋಡೆಯ ಬಣ್ಣ

ಮನೆಯಿಂದ, ಹಿತ್ತಿಲ ಮೆಟ್ಟಿಲ ಮೇಲೆ ಕೂತು
೧೪ನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ಮೂರು ಹೊತ್ತೂ ನಿಂತೇ ಇರಬೇಡಿ, ಈರುಳ್ಳಿ ಹೆಚ್ಚುವುದನ್ನಾದರೂ ಕೂತು ಮಾಡಿ ಎಂದು ಎಷ್ಟು ಸಲ ಹೇಳಿದ್ದೇನೆ! ಅಷ್ಟು ಜನಕ್ಕೆ ಬೇಯಿಸಿ ಹಾಕುವ ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ ಎಂಬುದೇ ನನಗೆ ಅನುಮಾನ. ನಾನು ಚೆನ್ನಾಗಿದ್ದೇನೆ. ಬಲಗೈ ಹೆಬ್ಬೆರಳಲ್ಲಿ ಒಂದು ಬೊಬ್ಬೆ ಎದ್ದಿದೆ, ಅದರ ಕತೆ ಮುಂದೆ ಬರುತ್ತದೆ. ಅತ್ತೆಯೂ ಚೆನ್ನಾಗಿದ್ದಾರೆ. ಅವರ ಗಂಟಲಂತೂ ಬಹಳ ಚೆನ್ನಾಗಿದೆ, ಬೆಳಗಿನಿಂದ ನನ್ನನ್ನು ಬೈಯುತ್ತಲೇ ಇದ್ದಾರೆ. ಇದನ್ನೆಲ್ಲ ಫೋನಿನಲ್ಲಿ ಹೇಳುವ ಹಾಗಿಲ್ಲ, ನಿಮಗೇ ಗೊತ್ತು. ಫೋನು ಬಂತೆಂದರೆ ನನ್ನ ಮಗ್ಗುಲಿಗೇ ಬಂದು ಕೂರುತ್ತಾರೆ. ಕಣ್ಣು ಮಾಡುತ್ತಿದ್ದ ಕೆಲಸವನ್ನೂ ಈಗ ಕಿವಿಯೇ ಮಾಡುತ್ತಿದೆ.

ನೀವು ಪ್ರತಿ ಪತ್ರದಲ್ಲೂ ಕೇಳುವುದಕ್ಕೆ ಮೊದಲು ಉತ್ತರ ಬರೆದುಬಿಡುತ್ತೇನೆ. ಇಲ್ಲ, ಕಣ್ಣಿನ ಆಪರೇಷನ್‌ಗೆ ಇನ್ನೂ ಒಪ್ಪಿಲ್ಲ. ಹೋದ ತಿಂಗಳು ಏನೋ ನೆಪ ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಪೊರೆ ಪೂರ್ತಿ ಬಲಿತಿದೆ, ಇನ್ನೂ ತಡ ಮಾಡಿದರೆ ತೆಗೆಯುವುದು ಕಷ್ಟ ಎಂದು ಅವರು ಖಂಡಿತವಾಗಿ ಹೇಳಿದರು. ಅತ್ತೆಗೆ ಈಗ ಬೆಳಕು, ನೆರಳು ಬಿಟ್ಟರೆ ಬೇರೇನೂ ಇಲ್ಲ. ಯಾರೋ ಬಂದರು ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಆದರೂ ಆ ಮಾತು ಎತ್ತಿದರೆ ಅದೇ ಹಳೇ ಉತ್ತರ: "ನೋಡಿದ್ದೆಲ್ಲಾ ಸಾಕು ಬಿಡು. ಇನ್ನು ನೋಡೋದೇನಿದೆ?" ಮಾವ ಹೋದ ಮೇಲೆ, ತಮ್ಮ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ, ಆ ಮಾತು ಅವರ ಬಾಯಲ್ಲಿ ಹಾಗೇ ನಿಂತುಬಿಟ್ಟಿದೆ. ದಿನವಿಡೀ ಬಟ್ಟೆ ಮುಚ್ಚಿದ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕೈಕಟ್ಟಿಕೊಂಡು ಕೂರುತ್ತಿದ್ದರು.

ಇನ್ನು ನಿಮ್ಮ ವ್ಯಾನಿನ ವಿಷಯ. ಒಳಗೇ ಉಂಡು ಮಲಗಿ ಊರೂರು ಸುತ್ತಬಹುದು, ಅಮ್ಮನನ್ನೂ ಸುತ್ತಿಸಬಹುದು ಎಂದು ಆಸೆಪಟ್ಟು ಕೊಂಡಿರಲ್ಲ, ಆ ಮಹಾರಾಜರ ವ್ಯಾನು. ಕಿಟಕಿಯ ರಬ್ಬರು ಸೀಳಿ ಮಳೆನೀರು ಒಳಗೆ ಇಳಿದಿದೆ ಎಂದು ಬರೆದಿದ್ದೆ. "ನಾನು ಬರುವ ತನಕ ಮುಟ್ಟಬೇಡ" ಎಂದು ನೀವು ಬರೆದಿದ್ದಿರಿ. ಮುಟ್ಟಿದೆ. ಗ್ಯಾರೇಜಿನ ಅಣ್ಣ ಬಂದು ಹೊಸ ರಬ್ಬರು ಕೂರಿಸಿಕೊಟ್ಟ. ಆಮೇಲೆ ಬಟ್ಟೆ ಹೊದಿಸಿದ ಒಳಗೋಡೆಯ ಹಲಗೆಗಳ ಸ್ಕ್ರೂ, ಕ್ಲಿಪ್ಪು ಬಿಚ್ಚಿದರೆ, ಅವು ನೆನೆದ ರಟ್ಟಿನ ಹಾಗೆ ಪದರ ಪದರವಾಗಿ ಕೈಗೆ ಬಂದವು, ಹಿಂದೆಲ್ಲ ಬೂಷ್ಟು. "ಈ ಮಾಡಲ್ ನಿಂತು ಕಾಲ ಆಯ್ತಕ್ಕಾ, ಇದರ ಹಲಗೆ ಎಲ್ಲೂ ಸಿಗಲ್ಲ" ಎಂದು ಗ್ಯಾರೇಜಿನವನು ಕೈ ಚೆಲ್ಲಿಬಿಟ್ಟ. ಎಸೆಯೋಣವೆಂದು ಹೊತ್ತು ತಂದು ಜಗುಲಿಗೆ ಒರಗಿಸಿದ್ದೆ. ಅತ್ತೆ ವಾಸನೆಗೆ ಮೂಗು ಮುರಿದರು. ಮೂಗು ಮುರಿದವರು ಸುಮ್ಮನಿರದೆ ಕೈ ಚಾಚಿ ಒಂದನ್ನು ಮಡಿಲಿಗೆ ಎಳೆದುಕೊಂಡರು. ಅಂಚು ಸವರಿದರು, ಮಗುಚಿದರು, ಹಿಂದಿನ ಮಡಿಕೆಯೊಳಗೆ ಬೆರಳು ಹಾಕಿದರು. "ಯಾರೋ ಅವಸರದಲ್ಲಿ ಮಾಡಿದಾನೆ ಕಣೇ ಇದನ್ನ. ಮೂಲೆ ನೋಡು, ಬಟ್ಟೆ ಗಂಟು ಕಟ್ಕೊಂಡಿದೆ" ಎಂದರು. ಆಮೇಲೆ ಮೆಲ್ಲಗೆ, "ಇದಕ್ಕೆ ಸೂಜಿ ಬೇಡ ಅಲ್ವಾ?" ಎಂದು ಕೇಳಿದರು. "ಬೇಡ ಅತ್ತೆ, ಬರೀ ಅಂಟು ಸಾಕು" ಎಂದೆ. ಸೂಜಿಗೆ ದಾರ ಪೋಣಿಸಲು ಆಗದೆ ತಾನೇ ಅವರು ಅಂಗಡಿ ಮುಚ್ಚಿದ್ದು?

ಹೊಸ ಹಲಗೆ ನಾವೇ ಮಾಡುವುದೆಂದು ಮರುದಿನವೇ ಹೊದಿಕೆ ಬಟ್ಟೆಯ ಅಂಗಡಿಗೆ ಹೊರಟೆವು. ಅಂಗಡಿಯವನು ಒಂದೊಂದೇ ಸುರುಳಿ ಬಿಚ್ಚಿ ಅವರ ಕೈಗೆ ಕೊಟ್ಟ. ಮೊಣಕಾಲಿನ ಮೇಲೆ ಹಾಕಿ ಎಳೆದು, ಬಿಟ್ಟು, ಮತ್ತೆ ಎಳೆದು, "ಇದು ಒಂದೇ ಕಡೆಗೆ ಹಿಗ್ಗುತ್ತೆ, ಬೇಡ", "ಇದರ ಬೆನ್ನು ತೆಳು, ಅಂಟು ಈಚೆಗೆ ಜಿನುಗುತ್ತೆ" ಎಂದು ಅವನ ಅರ್ಧ ಅಂಗಡಿಯನ್ನು ತಿರಸ್ಕರಿಸಿದರು. ಕೊನೆಗೆ ಒಂದು ಒಪ್ಪಿಗೆಯಾಯಿತು. ಯಾವ ಬಣ್ಣದಲ್ಲಿ ಕೊಡಲಿ ಎಂದು ಅವನು ಕೇಳಿದಾಗ, "ಯಾವುದಾದ್ರೇನಪ್ಪಾ, ನನಗೆ ಎಲ್ಲಾ ಒಂದೇ" ಅಂದುಬಿಟ್ಟರು. ಮದುವೆ ಬಟ್ಟೆಗೆ ದಾರದ ಬಣ್ಣ ಒಂದು ಎಳೆ ಹೆಚ್ಚುಕಮ್ಮಿಯಾದರೆ ಬಿಚ್ಚಿ ಹೊಲಿಯುತ್ತಿದ್ದ ಹೆಂಗಸು! ನನಗೆ ಎಲ್ಲಿತ್ತೋ ಸಿಟ್ಟು. ಅವರ ಮೇಲೆ, ಆ ಪೊರೆಯ ಮೇಲೆ, ಹತ್ತಿರವಿಲ್ಲದ ನಿಮ್ಮ ಮೇಲೂ. ಅದೇ ಸಿಟ್ಟಿನಲ್ಲಿ ಮೇಲಿನ ಸಾಲಿನ ಒಂದು ಸುರುಳಿಗೆ ಬೆರಳು ತೋರಿಸಿದೆ. "ಇದಾ? ನಿಜವಾಗ್ಲೂ ಇದೇನಾ?" ಎಂದು ಅವನು ಮತ್ತೆ ಮತ್ತೆ ಕೇಳಿದ. ದಾರಿಯಲ್ಲಿ ಅತ್ತೆ, ಯಾವ ಬಣ್ಣ ತಗೊಂಡೆ ಎಂದರು. "ನಿಮಗೆ ಎಲ್ಲಾ ಒಂದೇ ಅಂದ್ರಲ್ಲ, ಮತ್ಯಾಕೆ?" ಎಂದು ಚುರುಕಾಗಿಯೇ ಹೇಳಿದೆ. 

ಹಲಗೆ ಕೊಯ್ಯುವ ಕೆಲಸ ನನ್ನದು, ಹೊದಿಸುವುದು ಅವರದು ಎಂದು ಪಾಲಾಯಿತು. ಹಳೆಯ ಹಲಗೆಯನ್ನು ತೆಳು ಪ್ಲೈವುಡ್ಡಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಗ್ಯಾರೇಜಿನ ಅಣ್ಣನ ಕರೆಂಟ್ ಗರಗಸದಲ್ಲಿ ಕೊಯ್ದೆ. ಹಲಗೆಯನ್ನು ವ್ಯಾನಿಗೆ ಕೂರಿಸುವ ಕ್ಲಿಪ್ಪಿನ ತೂತುಗಳನ್ನೂ ಕೊರೆದೆ. ನಗಬೇಡಿ, ಚೆನ್ನಾಗಿಯೇ ಕೊಯ್ದಿದ್ದೇನೆ. ಆದರೆ ಅತ್ತೆಯ ಕೆಲಸದ ಮುಂದೆ ನನ್ನದೇನೂ ಅಲ್ಲ. ಹಲಗೆಗೆ ತೆಳ್ಳನೆಯ ಸ್ಪಂಜು ಅಂಟಿಸಿ, ಅದರ ಮೇಲೆ ಬಟ್ಟೆ. ಆ ಅಂಟು ಎಂಥದ್ದೆಂದರೆ, ಎರಡೂ ಕಡೆ ಬಳಿದು ಕೈಗೆ ಹತ್ತದಷ್ಟು ಆರುವ ತನಕ ಕಾಯಬೇಕು. ಆಮೇಲೆ ಒಂದಕ್ಕೊಂದು ತಗುಲಿತೋ, ಬ್ರಹ್ಮ ಬಂದರೂ ಬಿಡಿಸಲಾರ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳಲು ಹೋದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಕಿರುಬೆರಳಿನ ಬೆನ್ನನ್ನು ಹಾಗೆ ತಾಗಿಸಿ, "ಇನ್ನೂ ಇಲ್ಲ", "ಇನ್ನೂ ಇಲ್ಲ", "ಹ್ಞಾಂ, ಈಗ ಬಾ" ಎನ್ನುತ್ತಿದ್ದರು. ನಡುವಿನಿಂದ ಅಂಚಿಗೆ ಅಂಗೈ ಒತ್ತುತ್ತಾ ಹೋದರೆ ಒಂದು ಗುಳ್ಳೆಯೂ ಉಳಿಯುತ್ತಿರಲಿಲ್ಲ. ಕಿಟಕಿಯ ಜಾಗದಲ್ಲಿ ಬಟ್ಟೆ ಕತ್ತರಿಸಬೇಕಾದಾಗ ನಾನು ಕತ್ತರಿ ಕೊಡಲು ಹಿಂದೆಮುಂದೆ ನೋಡಿದೆ. "ಕೊಡೇ ಇಲ್ಲಿ. ಕತ್ತರಿ ಎಲ್ಲಿ ಹೋಗ್ತಿದೆ ಅಂತ ಅದರ ಸದ್ದೇ ಹೇಳುತ್ತೆ" ಎಂದು ಕಿತ್ತುಕೊಂಡರು. ಒಳಮೂಲೆಗಳಲ್ಲಿ ಪುಟ್ಟ ಪುಟ್ಟ ಕಚ್ಚು ಕೊಟ್ಟು, ಬಟ್ಟೆಯನ್ನು ಹಿಂದಕ್ಕೆ ಎಳೆದು ಹಿಡಿದರೆ, ನಾನು ಪಿನ್ ಗನ್ನಿನಿಂದ ಟಪ್ ಟಪ್ ಎಂದು ಹೊಡೆಯಬೇಕು. ಬೊಬ್ಬೆ ಅದರದ್ದೇ. ಮೂಲೆಯಲ್ಲಿ ಒಂದು ನೆರಿಗೆ ಹುಡುಕಿಕೊಡಿ, ನಾನು ಅಡುಗೆ ಬಿಟ್ಟುಬಿಡುತ್ತೇನೆ. ಇಷ್ಟು ವರ್ಷ ಈ ಕೈಗಳ ಅಡಿಯಲ್ಲೇ ಬದುಕಿದ್ದೇನೆ, ಅವು ಇಂಥವೆಂದು ನನಗೆ ಗೊತ್ತೇ ಇರಲಿಲ್ಲ.

ನಡುವೆ ಒಂದು ಅನಾಹುತವೂ ಆಯಿತು. ವ್ಯಾನಿನ ಒಂದು ಕಡೆ ಜಾರುವ ಬಾಗಿಲು, ಇನ್ನೊಂದು ಕಡೆ ಉದ್ದದ ಗೋಡೆ. ಒಂದು ಕಡೆಯ ಹಲಗೆ ಇನ್ನೊಂದು ಕಡೆಗೆ ಕೂರುವುದಿಲ್ಲ. ಆ ಉದ್ದದ ಹಲಗೆಯೇ ಎಲ್ಲಕ್ಕಿಂತ ದೊಡ್ಡದು. ಬೆಳಗಿನಿಂದ ಬಗ್ಗಿ ಹೊದಿಸಿ ಮುಗಿಸಿ, ಇಬ್ಬರೂ ಹೊತ್ತು ತಂದು ಹಿಡಿದರೆ, ಕಿಟಕಿ ಇರುವಲ್ಲಿ ಹಲಗೆ, ಹಲಗೆ ಇರುವಲ್ಲಿ ಕಿಟಕಿ! ಬಟ್ಟೆ ತಪ್ಪು ಮಗ್ಗುಲಿಗೆ ಅಂಟಿತ್ತು.  ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. "ಕುರುಡಿಗೆ ಯಾಕೆ ಬೇಕಿತ್ತು ಇದೆಲ್ಲ" ಎಂದು ಒಳಗಿನಿಂದ ಕೇಳಿಸಿತು.  ಮತ್ತೆ ಆ ಮಿಷನ್ನಿನ ಪಕ್ಕಕ್ಕೇ ಹೋಗಿ ಕೂತುಬಿಡುತ್ತಾರೆ ಎಂದು ಭಯವಾಯಿತು.

ಹಲಗೆಯ ಮುಂದೆ ಕೂತು ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು ನೋಡಿ. ನಾನು ಗೆರೆ ಎಳೆದದ್ದು ಹೊರಗೆ ಕಾಣುವ, ಬಟ್ಟೆ ಬರಬೇಕಾದ ಮಗ್ಗುಲಿಗೆ. ಚಿಕ್ಕ ಹಲಗೆಗಳನ್ನು ಅವರು ನಾನು ಇಟ್ಟ ಹಾಗೇ ಹೊದಿಸಿದ್ದರು; ಇದಕ್ಕೆ ಮಾತ್ರ ಗೆರೆ ಯಾವ ಕಡೆ ಇದೆ ಎಂದು ಕೇಳಿದ್ದರು, ಮೇಲ್ಗಡೆ ಎಂದಿದ್ದೆ. ಕೇಳಿದ ತಕ್ಷಣ ಮಗುಚಿ ಹಾಕಿದ್ದರು. ಜೀವಮಾನವಿಡೀ ಬಟ್ಟೆಯ ಒಳಮಗ್ಗುಲಿಗೆ ಗುರುತು ಹಾಕಿದವರು. ಗೆರೆ ಬಿದ್ದ ಕಡೆ ಯಾರಿಗೂ ಕಾಣಬಾರದು ಎಂಬುದು ಅವರ ಕೈಗೇ ಗೊತ್ತು. ಹೊಲಿಗೆಯವರನ್ನು ಬಿಟ್ಟು ಬೇರೆ ಯಾರೂ ಈ ತಪ್ಪು ಮಾಡಲಾರರು! ಬಾಗಿಲ ಹೊರಗೆ ನಿಂತು ಇದನ್ನೇ ಕೂಗಿ ಹೇಳಿದೆ. "ಅತ್ತೇ, ಇದು ಕಣ್ಣಿನ ತಪ್ಪಲ್ಲ, ಕಸುಬಿನ ತಪ್ಪು. ನೆಟ್ಟಗೆ ಕಣ್ಣು ಕಾಣೋ ಕಾಲದಲ್ಲೂ ನೀವು ಇದನ್ನೇ ಮಾಡ್ತಿದ್ರಿ!"  ಆಮೇಲೆ ಚಿಲಕ ತೆಗೆದ ಸದ್ದು. "ಹಾಗಾದ್ರೆ ತಪ್ಪು ನಿಂದು. ಒಳಮಗ್ಗುಲಿಗೆ ಗುರುತು ಹಾಕೋದು ಬಿಟ್ಟು ಹೊರಮಗ್ಗುಲಿಗೆ ಯಾರಾದ್ರೂ ಹಾಕ್ತಾರೇನೇ?" ಎನ್ನುತ್ತಾ ಈಚೆ ಬಂದರು. ಆಗಲಿ, ತಪ್ಪು ನನ್ನದೇ. ಬೈಗುಳ ಕೇಳಿ ಅಷ್ಟು ಸಮಾಧಾನವಾದದ್ದು ಇದೇ ಮೊದಲು. ಗೋಡೆಗೆ ಬೇರೆ ಹಲಗೆ ಕೊಯ್ದೆ. ತಪ್ಪಿದ್ದನ್ನು ಅತ್ತೆ ಎಸೆಯಲು ಬಿಡಲಿಲ್ಲ; ವ್ಯಾನಿನ ಅಗಲಕ್ಕೆ ನನ್ನಿಂದ ಕೊಯ್ಯಿಸಿ, ಇನ್ನೊಂದು ಮಗ್ಗುಲಿಗೂ ಬಟ್ಟೆ ಹೊದಿಸಿ ಡ್ರೈವರ್ ಸೀಟಿನ ಹಿಂದೆ ಅಡ್ಡಗೋಡೆಯಾಗಿ ನಿಲ್ಲಿಸಿದರು. ಕಿಟಕಿಯ ತೂತು ಇದೆಯಲ್ಲ, ಅದರೊಳಗಿಂದ ನಿಮಗೆ ಚಹಾ ದಾಟಿಸಬಹುದು.

ಮೊನ್ನೆ ಕೊನೆಯ ಕ್ಲಿಪ್ಪು ಟಕ್ಕೆಂದು ಕೂತಿತು. ಜಾರುವ ಬಾಗಿಲು ತೆರೆದಿಟ್ಟೆವು. ಹಾಲಿನವಳು "ಅಯ್ಯಯ್ಯೋ!" ಎಂದು ಕ್ಯಾನು ಕೆಳಗಿಟ್ಟು ನಕ್ಕಳು. ಗ್ಯಾರೇಜಿನ ಅಣ್ಣ ಮೂಲೆಗಳನ್ನೆಲ್ಲ ಸವರಿ ನೋಡಿ, ಕಡೆಗೆ ಅತ್ತೆಯ ಕೈ ಹಿಡಿದುಕೊಂಡ. ಅತ್ತೆಗೆ ಕುತೂಹಲ ತಡೆಯಲು ಆಗುತ್ತಿಲ್ಲ. ನನ್ನನ್ನು ಕೇಳಲು ಬಿಗುಮಾನ, ಬೇರೆಯವರ ಬಾಯಿ ಬಿಡಿಸಲು ನೋಡುತ್ತಾರೆ. ಎದುರುಮನೆ ಮೇಷ್ಟರನ್ನು ಕರೆದು, "ಆ ಬಣ್ಣದಲ್ಲಿ ಧೂಳು ಕೂತ್ರೆ ಕಾಣ್ಸುತ್ತಾ ಮೇಷ್ಟ್ರೇ?" ಎಂದು ಏನೂ ಅರಿಯದವರ ಹಾಗೆ ಕೇಳಿದರು. ಅವರು ಬಾಯಿ ತೆರೆದೇಬಿಟ್ಟಿದ್ದರು, ಹಿಂದಿನಿಂದ ನಾನು ಕಣ್ಣು ಬಿಟ್ಟೆ. "ಧೂಳಾ? ಧೂಳಿಗೂ ಅದರ ಮೇಲೆ ಕೂರೋಕೆ ಧೈರ್ಯ ಬೇಕಮ್ಮಾ" ಎಂದು ಜಾರಿಕೊಂಡರು. ಬೀದಿಯವರೆಲ್ಲರ ಬಾಯಿಗೂ ಬೀಗ ಹಾಕಿಸಿದ್ದೇನೆ. ಬೆಳಗಿನಿಂದ ನನಗೆ ಬೈಗುಳ ಬೀಳುತ್ತಿರುವುದು ಇದಕ್ಕೇ. ಆದರೆ ನಿನ್ನೆ ಸಂಜೆ ಅವರು ವ್ಯಾನಿನೊಳಗೆ ಒಬ್ಬರೇ ಕೂತು ತಾವು ಮಾಡಿದ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದುದನ್ನು ನೋಡಿ ನನ್ನ ನಗುವೆಲ್ಲ ಇಳಿದುಹೋಯಿತು. ಅಷ್ಟು ಚಂದದ ಕೆಲಸ. ಮಾಡಿದವರೊಬ್ಬರನ್ನು ಬಿಟ್ಟು ಊರೆಲ್ಲ ನೋಡಿತು.

ಅತ್ತೆಯ ಆಶೀರ್ವಾದ ಎಂದಿನಂತೆ ನಿಮ್ಮ ತಲೆಯ ಮೇಲಿದೆ. ಮೊದಲು ಮಗನಿಗೆ ಬರಿ, ಆಮೇಲೆ ಉಳಿದವರಿಗೆ ಎನ್ನುತ್ತಾರೆ. ನಿಮ್ಮ ಜೊತೆಯ ಅಡುಗೆಯವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಉಪ್ಪುಗಾಳಿಯಲ್ಲಿ ಬರಿಮೈಯಲ್ಲಿ ನಿಲ್ಲಬೇಡಿ, ಹುಷಾರು.

ಬೊಬ್ಬೆ ಎದ್ದ ಕೈಯಿಂದ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅತ್ತೆ ಹಿತ್ತಿಲಿಗೆ ಬಂದರು. "ನನ್ನ ಮಗನಿಗಾ ಬರೀತಿರೋದು? ಹಾಗಾದ್ರೆ ಇದನ್ನೂ ಬರಿ. ಕಂಡವರೆಲ್ಲ ನನ್ನ ಕೆಲಸ ನೋಡಿ ಬಾಯಿ ಬಿಡ್ತಾರೆ, ಮಾಡಿದ ನಾನು ಮಾತ್ರ ನೋಡ್ಬಾರದಾ? ಆ ಡಾಕ್ಟರಿಗೆ ಫೋನ್ ಮಾಡು" ಎಂದರು. ರೀ, ಒಪ್ಪಿಬಿಟ್ಟರು! ಮನಸ್ಸು ಬದಲಾಗುವ ಮುಂಚೆ ಅಲ್ಲೇ ನಿಂತು ಫೋನ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಬರಹೇಳಿದ್ದಾರೆ, ಮೊದಲು ಬಲಗಣ್ಣು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನೇರ ವ್ಯಾನಿನ ಹತ್ತಿರ ಕರೆದುಕೊಂಡು ಹೋಗಬೇಕಂತೆ, ನನ್ನ ಮುಖ ಆಮೇಲೆ ನೋಡುತ್ತಾರಂತೆ. ಬಣ್ಣ ಯಾವುದೆಂದು ನಿಮಗೂ ಬರೆಯುವುದಿಲ್ಲ. ಫೋನಿನಲ್ಲಿ ನಿಮ್ಮಮ್ಮ ಒಂದು ಸಲ "ಮಗನೇ" ಎಂದರೆ ಸಾಕು, ನೀವು ಎಲ್ಲಾ ಕಕ್ಕಿಬಿಡುತ್ತೀರಿ.